ಹೊಳಿದಂಡ್ಯಾಗ ಬಿಟ್ಟ ಅರಿವಿ

ನಮ್ಮ ಕಡೆ ಸಮುದ್ರ ಎಲ್ಲಿಂದ ಬರಬೇಕ್ರಿ, ಇದ್ದದ್ದೊಂದು ತುಂಗಭದ್ರಾ ಹೊಳಿ. ಅದರ ದಂಡಿ ಸ್ವಚ್ಛ ಮಾಡಿಸ್ತೀನಿ ಅಂತ ಎಂಟನೇತ್ತ ಓದೋ ನನ್ನ ಮೊಮ್ಮಗಳು ಸಾಲ್ಯಾಗ ಎದ್ದು ನಿಂತು ಹೇಳಿ ಬಂದಿದ್ದಳು. ಹಿಗ್ಗಿನ ಭರಕ್ಕ ನನಗ ಊಟಾನ ಸೇರಲಿಲ್ಲ. ಹಿಟ್ನಾಳದಾಗ ಒಂದು ಟ್ರ್ಯಾಕ್ಟರ್ ಗೊತ್ತು ಮಾಡಿ, ಅಕಿ ಗೆಳತ್ಯಾರನ್ನೆಲ್ಲಾ ಹತ್ತಿಸಿಕೊಂಡು, ನಾನೂ ಸೆರಗು ಸಿಗಿಸಿಕೊಂಡು ಹೊಂಟೆ.

ಹೋಗಿ ನೋಡಿದರ ದಂಡಿ ತುಂಬ ಅರಿವಿ. ಅಮಾಸಿಗೆ ಮುಳುಗು ಹಾಕಿದವರು ಉಟ್ಟ ಅರಿವಿ ಅಲ್ಲೇ ಬಿಟ್ಟು ಹೋಗ್ತಾರ. ಅದರ ಕೂಡ ಮೈಗೆ ಹತ್ತಿದ ಪೀಡಾನೂ ಹೋಗತೈತಿ ಅಂತ ನಂಬಿಕಿ. ಮುಟ್ಟಿದವರಿಗೆ ಆ ಪೀಡಾ ಬರತೈತಿ. ಹುಡುಗ್ಯಾರು ಬಾಟ್ಲಿ, ಗುಟ್ಕಾ ಚೀಟಿ ಎಲ್ಲಾ ಆರಿಸಿದರು, ಅರಿವಿ ಹತ್ರ ಬಂದು ಕೈ ಹಿಂದ ಕಟ್ಟಿಕೊಂಡು ನಿಂತರು. ಅಷ್ಟರಾಗ ಎದಿಮಟ ನೀರಾಗ ಜಳಕಕ್ಕ ಇಳಿದಿದ್ದ ನಮ್ಮ ಓಣಿ ಹಿರ್ಯಾ ಒಬ್ಬಾಂವ, ಮುಟ್ಟಿದವರ ಮನಿ ಎಮ್ಮಿ ಹಾಲು ಹಿಂಡೂದಿಲ್ಲ ಅಂತ ಅಲ್ಲಿಂದನ ಹೆದರಸಾಕ ಹತ್ತಿದ. ಮೊಮ್ಮಗಳ ಮಾರಿ ಸಣ್ಣದಾತು. ಅರಿವಿ ಉಳಿದರ ಸ್ವಚ್ಛ ಮಾಡಿದಂಗ ಹೆಂಗಾತು, ನಾಳೆ ಸಾಲ್ಯಾಗ ಯಾವ ಮಾರಿ ತೋರಿಸಬೇಕು ಅಂತ ಕಣ್ಣೀರು ತಂದಳು.

ನನಗ ತಡಕೊಳ್ಳಾಕ ಆಗಲಿಲ್ಲ. ನಾನ ಬಗ್ಗಿ ತೆಕ್ಕಿ ತೆಕ್ಕಿ ಎತ್ತಿ ಟ್ರೇಲರಿಗೆ ಹಾಕಿದೆ. ಅರ್ಧ ದಂಡಿ ಖಾಲಿ ಆತು. ಡ್ರೈವರ್ ಕಸದ ಗುಂಡಿಗೆ ಸುರುವಾಕ ಹೋದ.

ಆಗ ಹಿರ್ಯಾ ಕೇಳಿದ, "ಯಕ್ಕಾ, ಕಲ್ಲಿನ ಮ್ಯಾಲ ನನ್ನ ಧೋತರ ಇತ್ತಲ್ಲ?"

ಇತ್ತು, ಖರೆ. ಆದರ ಅದರ ಅವತಾರ ನೋಡಿ ಅದನ್ನೂ ಯಾರೋ ಬಿಟ್ಟು ಹೋಗ್ಯಾರ ಅಂತ ತಿಳಿದಿದ್ದೆ. ಹಂಗ ಹೇಳಿದೆ.

ಪಾಪ, ಬರೇ ಲಂಗೋಟಿ ಮ್ಯಾಲ ಇದ್ದ. ಹುಡುಗ್ಯಾರ ಮುಂದ ಹೆಂಗ ಎದ್ದು ಬರಬೇಕು? ಹಲ್ಲು ಕಟಕಟ ಅನ್ನಾಕ ಹತ್ತಿದವು. ಇನ್ನರ್ಧ ದಂಡಿ ತೋರಿಸಿ, ಬೇಕಾದ್ದು ಆರಿಸಿಕೋ ತಮ್ಮಾ ಅಂದೆ.

"ಪೀಡಾ ಬಂದೀತು, ಯಕ್ಕಾ."

"ಹಂಗಾರ ಮುಂದಿನ ಅಮಾಸಿಮಟ ಅಲ್ಲೇ ಇರು."

ನೀರಾಗ ಕುಂತಕೊಂಡ ದಂಡಿಗೆ ಸರಿದು ಕೈ ಚಾಚಿದ. ಸಿಕ್ಕದ್ದು ಹೆಣ್ಣಮಕ್ಕಳು ಉಡೋ ಒಂದು ಗಿಣಿಹಸಿರು ಪರಕಾರ. ಅದನ್ನ ಎದಿಮಟ ಏರಿಸಿ, ಲಾಡಿ ಬಿಗಿದು, ಮ್ಯಾಲ ಬಂದು ಕಲ್ಲಿನ ಮ್ಯಾಲ ಕುಂತ. ಏನಾಗತೈತೋ ಅಂತ ನಾವೆಲ್ಲಾ ಅವನ ಸುತ್ತ ನಿಂತು ನೋಡಿದ್ವಿ. ಅವನೂ ತನ್ನ ಹೊಟ್ಟಿ ಮುಟ್ಟಿ ನೋಡಿಕೊಂಡ, ನಾಡಿ ಹಿಡಿದು ನೋಡಿಕೊಂಡ. ಮೊಮ್ಮಗಳು ಮಂಡಾಳ ಒಗ್ಗರಣಿ ಕೊಟ್ಟಳು. ಎರಡು ಸರ್ತಿ ಹಾಕಿಸಿಕೊಂಡು ತಿಂದ.

"ಏನೂ ಆಗವಲ್ದಲ್ಲ," ಅಂದ. ಆಗಬೇಕಿತ್ತು ಅನ್ನೋರಂಗ ಇತ್ತು ದನಿ.

ಅಷ್ಟ ಸಾಕಾತು. ಹುಡುಗ್ಯಾರು ಅರಿವಿ ಮ್ಯಾಲ ಬಿದ್ದರು, ನೋಡ್ರಿ. ಸೀರಿ, ಅಂಗಿ, ಚಡ್ಡಿ, ಒಂದೂ ಬಿಡಲಿಲ್ಲ. ಹಿರ್ಯಾನೂ ಪರಕಾರದ ಅಂಚು ಎತ್ತಿ ಹಿಡಿದು, ಆ ಮೂಲ್ಯಾಗ ಉಳದೈತಿ, ಈ ಮೂಲ್ಯಾಗ ಉಳದೈತಿ ಅಂತ ಓಡಾಡಿ ತೋರಿಸಿದ. ಟ್ರ್ಯಾಕ್ಟರ್ ತಿರುಗಿ ಬಂದಾಗ ದಂಡಿಮ್ಯಾಲ ಬರೇ ಉಸುಕು. ಡ್ರೈವರ್ ನನ್ನ ಕಿವ್ಯಾಗ, ಈ ಆಯಿ ಯಾರು ಅಂತ ಕೇಳಿದ.

ಅರಿವಿ ರಾಶಿ ಮ್ಯಾಲ ನಮ್ಮ ಮೆರವಣಿಗಿ ಊರು ಹೊಕ್ಕಿತು. ನಡುವ ಹಸಿರು ಪರಕಾರದ ಹಿರ್ಯಾ, ಮಗ್ಗಲದಾಗ ನನ್ನ ಮೊಮ್ಮಗಳು. ಸಂದಿಲೆ ಹೋಗು ಅಂತ ಅಂವ ಡ್ರೈವರಗ ಬೇಡಿಕೊಳ್ಳಾಕ ಹತ್ತಿದ್ದ. ಅಕಿ ಮಾತ್ರ, ಸಾಲಿ ಮುಂದ ಹಾದು ಹೋಗ್ರಿ ಅಂದಳು.