ಫೋನಿನಾಗ ಬಂದ ಬಾಯಾರು

ನಮ್ಮ ಬೈಲಹೊಂಗಲದಾಗ ಫರೀನ್ ಅಂತ ಒಬ್ಬಾಕಿ ಅದಾಳ, ಟೇಲರ್ ಅಲ್ಲಾಸಾಬನ ಮಗಳು. ನರ್ಸಿಂಗ್ ಕಲ್ತಾಕಿ. ಜಪಾನಿಗೆ ಹೋಗಿ ಮುದುಕರ ಸೇವಾ ಮಾಡತೇನಿ ಅಂತ ಹಟಾ ಹಿಡದು, ಅವರ ಭಾಷಾ ಕಲ್ಯಾಕ ಹತ್ತಿದ್ಲು. ಹಿಂದಿನ ಸಲ ಬಾಯಿ ಪರೀಕ್ಷಾದಾಗ ಹೆದರಿ ಮಾತ ಹೊಂಡಲಿಲ್ಲ, ನಾಪಾಸ. "ಈ ಸಲಾನೂ ಹಂಗಾದ್ರ ಜಪಾನ್ ಮರ್ತಬಿಡು," ಅಂದಬಿಟ್ಟಿದ್ದ ಅಲ್ಲಾಸಾಬ.

ಪರೀಕ್ಷಾ ವಿಡಿಯೋ ಕಾಲ್‌ನ್ಯಾಗ. ಮನಿ ತೋರಿಸಿ, ಕಾಣೂದನ್ನ ಹೇಳಬೇಕು. ಫರೀನ್‌ಗ ಖುಷಿನ ಖುಷಿ. ದಿನಾ ನೋಡೂದ ಅಲ್ಲಾ! ಅಪ್ಪ, ಅಂದ್ರ ಆಕಿ ಅಬ್ಬಾ, ಹೊಲ್ಯಾಕ ಹತ್ಯಾನ; ಅಜ್ಜಿ, ಅಂದ್ರ ಆಕಿ ದಾದಿ, ರೊಟ್ಟಿ ಬಡ್ಯಾಕ ಹತ್ಯಾಳ. ಹಿಂಗ ನಡದಿರೂ ಕೆಲಸಕ್ಕ ಮಾತಿನ ಕೊನಿಗೆ 'ತೆ ಇಮಾಸು' ಹಚ್ಚೂದು, ಅದೆಲ್ಲಾ ಬಾಯಿಪಾಠ. ಇನ್ನ ಕುಂತಾಳ, ಉಟ್ಟಾಳ, ನಿಂತೈತಿ, ಹಿಂಗ ಕೆಲಸ ಮುಗದು ಹಂಗ ಉಳದಿದ್ದಕ್ಕೂ ಜಪಾನಿನವ್ರು ಅದ 'ತೆ ಇಮಾಸು' ಹಚ್ಚತಾರ. ಆ ಪಾಠ ಮಾತ್ರ ಆಕಿ ತಲಿಗೆ ಹತ್ತವಲ್ದು. ಬ್ಯಾಡ ಬಿಡು ಅಂತ ಬಿಟ್ಟಿದ್ಲು.

ಕಾಲ್ ಬಂತು. ಫೋನ್ ತಿರುಗಿಸಿ ನೋಡ್ತಾಳ, ಮಿಶನ್ ಬಂದ್! ಒಲಿ ಬಂದ್! ಅಬ್ಬಾ ಈದಿನ ಟೋಪಿ ಹಾಕ್ಕೊಂಡಾನ, ದಾದಿ ಸುಗರಾಬಿ ಇಳಕಲ್ ಸೀರಿ ಉಟ್ಟಾಳ. ಇಬ್ಬರೂ ಚಾಪಿ ಮ್ಯಾಲ ಫೋಟೊಕ್ಕ ಕುಂತಂಗ ಕುಂತಾರ.

"ದಾದಿ, ರೊಟ್ಟಿ ಬಡಿ!" ಹಲ್ಲ ಕಚಗೊಂಡು ಅಂದ್ಲು.

"ಹುಚ್ಚಿ, ಪರದೇಶದ ಬಾಯಾರು ಮನಿಗೆ ಬಂದಾರ. ಹಿಟ್ಟಿನ ಕೈಲೆ ಸಲಾಮ್ ಮಾಡ್ಲೇನು?"

ಮುಗೀತು. ಬಾಯಿಪಾಠ ಮಾಡಿದ್ದು ಒಂದೂ ಮನ್ಯಾಗ ನಡ್ಯಾಕ ಹತ್ತಿಲ್ಲ! ಆ ಕಡಿ ಪರೀಕ್ಷಾ ತಗೊಳ್ಳೂ ಜಪಾನಿ ಮ್ಯಾಡಂ ಕಾಯಾಕ ಹತ್ಯಾರ. ಫರೀನ್ ಎದಿ ಗಟ್ಟಿ ಮಾಡಿ ದಾದಿ ಕಡೆ ನೋಡಿದ್ಲು.

"ದಾದಿ ವಾ ಸುವತ್ತೆ ಇಮಾಸು." ದಾದಿ ಕುಂತಾಳ.

ಮ್ಯಾಡಂ ಗೋಣು ಹಾಕಿದ್ರು.

"ಸೀರಿ ಓ ಕಿತೆ ಇಮಾಸು." ಸೀರಿ ಉಟ್ಟಾಳ. "ಮಿಶಿನ್ ವಾ ತೊಮತ್ತೆ ಇಮಾಸು." ಮಿಶನ್ ನಿಂತೈತಿ. ಬಾಗಲಾ ತೆರದೈತಿ, ಲೈಟ್ ಹತ್ತೈತಿ... ಬಿಟ್ಟ ಪಾಠ ಎಲ್ಲಿತ್ತೋ ಏನೋ, ಒಂದರ ಹಿಂದ ಒಂದ ಹೊಂಟು ಬಂತು.

ಮ್ಯಾಡಂ ನಕ್ಕಿದ್ದ ಕಂಡು ದಾದಿ, "ಚಾ ಕುಡಿತಾರೇನ ಕೇಳ," ಅಂದ್ಲು.

ಸಂಜಿಗೆ ಮೆಸೇಜ್ ಬಂತು. ಪಾಸ್! ಫರೀನ್ ಅದ ಚಾಪಿ ಮ್ಯಾಲ ಕೈಕಾಲ ಚೆಲ್ಲಿ ಬಿದ್ಲು, ಅಳಾಕೂ ಹತ್ತಿದ್ಲು, ನಗಾಕೂ ಹತ್ತಿದ್ಲು.

"ನಾ ಕುಂತಿದ್ದಕ್ಕ ಪಾಸಾದಿ ನೋಡ," ಅಂತ ದಾದಿ ಸೆರಗು ಸಿಗಿಸಿ ಹಿಟ್ಟಿನ ಡಬ್ಬಿ ತಗದ್ಲು.

ಅಲ್ಲಾಸಾಬ ಕೊಳ್ಳಾಗಿನ ಟೇಪ್ ತಗೊಂಡು ಮಗಳ ಭುಜಕ್ಕ ಹಿಡದ. "ಏಳ, ಸೆಟದ ನಿಂದ್ರ. ಅಲ್ಲೆ ಥಂಡಿ ಭಾಳಂತ. ಒಂದು ಕೋಟ್ ಹೊಲೀತೇನಿ."