ಸುತ್ತಲಿನದನ್ನೂ ಸೇರಿಸಿದ ಲೆಕ್ಕ

ಎಂಬತ್ತರ ದಶಕದಲ್ಲಿ ಹಾನಗಲ್ಲಿನ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಮೇಡಂ, ನಾವು ಏನು ಉತ್ತರ ಕೊಟ್ಟರೂ ಕತ್ತು ಓರೆ ಮಾಡಿ, "ಖರೇನ?" ಎಂದು ಕೇಳುತ್ತಿದ್ದರು. ಸುತ್ತಲಿನ ಪರಿಸರಕ್ಕೆ ಶಕ್ತಿ ಸೋರಿಹೋಗುವಾಗ ಪರಮಾಣುವಿನ ಸ್ಥಿತಿ ಹೇಗೆ ಬದಲಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಪಿಎಚ್.ಡಿ. ವಿಷಯ. ಅದಕ್ಕಾಗಿ ವರ್ಷಗಟ್ಟಲೆ, ಕಂಪ್ಯೂಟರಿಗೆ ಲೆಕ್ಕ ಉಣಿಸುವ ತೂತು ಹೊಡೆದ ಕಾರ್ಡುಗಳನ್ನು ಚೀಲದಲ್ಲಿ ತುಂಬಿಕೊಂಡು, ಕಂಪ್ಯೂಟರ್ ಇದ್ದ ಹುಬ್ಬಳ್ಳಿಗೆ ಬಸ್ಸು ಹತ್ತಿದ್ದರು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಅವರ ಮಾರ್ಗದರ್ಶಕರು ಸಮೀಕರಣದಲ್ಲಿ ಪರಿಸರದ ಭಾಗವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ಇಷ್ಟನ್ನ ಬಿಡ್ರಿ, ಲೆಕ್ಕ ಹಗುರ ಆಗ್ತದ. ಇಲ್ಲಂದ್ರ ನಿಮ್ಮ ಥೀಸಿಸ್‌ಗೆ ನಾ ಸಹಿ ಮಾಡೂದಿಲ್ಲ," ಎಂದರು.

"ಹಗುರ ಆಗ್ತದ್ರಿ ಸರ್, ಖರೆ ಆಗೂದಿಲ್ಲ. ಸಹಿ ಬ್ಯಾಡ," ಎಂದು ಮೇಡಂ ಎದ್ದರು.

ಮರುದಿನ ತರಗತಿಯಲ್ಲಿ ಅದೇ ಸಮೀಕರಣವನ್ನು ಬೋರ್ಡಿನ ತುಂಬ ಪೂರ್ತಿಯಾಗಿ ಬರೆದರು. "ಪರೀಕ್ಷಾದಾಗ ಇದು ಬರೂದಿಲ್ಲ," ಎನ್ನುತ್ತ ನಮ್ಮತ್ತ ತಿರುಗಿದರು. "ಬರ್ಕೋರಿ."