ವಿಷದ ಡ್ರಮ್ಮಿನ ಬಿಸಿನೀರು

ನಾನು ಚಿಕ್ಕವಳಿದ್ದಾಗ, ಒಂಬತ್ತು ವರ್ಷದವಳು, ಒಂದು ಮಾತನ್ನು ಮನೆಯವರಿಂದ ಮುಚ್ಚಿಟ್ಟಿದ್ದೆ. ಆ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ. ಇವತ್ತು ಅದನ್ನು ನಿಮಗೆ ಹೇಳುತ್ತೇನೆ, ಮಕ್ಕಳೇ.

ನಮ್ಮದು ಜಗಳೂರಿನ ಹತ್ತಿರದ ಹಳ್ಳಿ. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳಿಗೂ ಕೂಸಿಗೂ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು. ಸೌದೆಗಾಗಿ ಅವ್ವ ಜಾಲಿಮುಳ್ಳಿನ ನಡುವೆ ಮೈಲಿಗಟ್ಟಲೆ ಅಲೆಯುತ್ತಿದ್ದಳು. ಒಂದು ದಿನ ಹೊರೆಯ ಸಮೇತ ಬಿದ್ದು ಸೊಂಟ ಉಳುಕಿಸಿಕೊಂಡಳು. ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಬಿಸಿಲಿನಲ್ಲೇ ನೀರು ಕಾಯಿಸುವ ಪೆಟ್ಟಿಗೆಯನ್ನು ದಾವಣಗೆರೆಯಲ್ಲಿ ಯಾವುದೋ ಮಹಡಿಯ ಮೇಲೆ ನೋಡಿದ್ದನಂತೆ. ತಾನೂ ಒಂದು ಮಾಡುತ್ತೇನೆಂದು ಹೊರಟ.

ಬಿದ್ದ ಮನೆಯೊಂದರ ಬಾಗಿಲ ಹಲಗೆಗಳಿಂದ ಪೆಟ್ಟಿಗೆಯಾಯಿತು. ಬಿಸಿ ಹೊರಗೆ ಹೋಗದಿರಲೆಂದು ಸುತ್ತಲೂ ಶೇಂಗಾ ಹೊಟ್ಟು ತುಂಬಿದ. ಮೇಲೆ ಮುಚ್ಚಲು ಹಳೆಯ ಕಿಟಕಿಯ ಗಾಜು. ನೀರಿಗೆಂದು ಊರಿನ ಗೋದಾಮಿನ ಹಿಂದೆ ಬಿದ್ದಿದ್ದ ತಗಡಿನ ಡ್ರಮ್ ತಂದು, ಎಣ್ಣೆಯದಿರಬೇಕು ಎಂದುಕೊಂಡು, ತೊಳೆಯಲು ನನ್ನ ಕೈಗೆ ಕೊಟ್ಟ.

ಬೂದಿ ಹಚ್ಚಿ ಉಜ್ಜುವಾಗ ಕೆಸರಿನ ಕೆಳಗೆ ಹರಿದ ಚೀಟಿಯೊಂದು ಕಂಡಿತು. ಅದರ ಮೇಲೆ ತಲೆಬುರುಡೆ, ಅಡ್ಡಲಾಗಿ ಎರಡು ಮೂಳೆ. ಅದು ವಿಷದ ಗುರುತೆಂದು ನನಗೆ ಗೊತ್ತಿತ್ತು. ಹೇಳಿದರೆ ಅಪ್ಪ ಡ್ರಮ್ ಎಸೆಯುತ್ತಾನೆ, ಕೆಲಸ ನಿಲ್ಲುತ್ತದೆ, ಅವ್ವ ಮತ್ತೆ ಸೌದೆಗೆ ಹೋಗುತ್ತಾಳೆ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಏಳು ಸಲ ತೊಳೆದು ಮೂಗಿಟ್ಟು ನೋಡಿದೆ. ವಾಸನೆ ಇರಲಿಲ್ಲ. ಬಿಸಿಲು ಹೀರಲೆಂದು ಅಪ್ಪ ಅದಕ್ಕೆ ಮಸಿ ಬಳಿದು, ನಲ್ಲಿ ಜೋಡಿಸಿ, ಪೆಟ್ಟಿಗೆಯಲ್ಲಿ ಕೂರಿಸಿ ನೀರು ತುಂಬಿದ. ಆ ರಾತ್ರಿ ಕಣ್ಣು ಮುಚ್ಚಿದರೆ ಬುರುಡೆಯೇ ಕಾಣುತ್ತಿತ್ತು.

ಮರುದಿನ ಇಳಿಹೊತ್ತಿಗೆ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು. ಅಪ್ಪನ ಮುಖ ಅರಳಿತು. ಕೊಡಪಾನ ತುಂಬಿ ಬಚ್ಚಲಿಗೆ ಒಯ್ದ. ಅಲ್ಲಿ ಅವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ ಹದ ಮಾಡಿದಳು. ಆಗ ಬಿಸಿ ಹಬೆಯಿಂದ ಒಂದು ವಾಸನೆ ಎದ್ದಿತು. ಹತ್ತಿ ಹೊಲದಲ್ಲಿ ಹುಳಕ್ಕೆ ಔಷಧಿ ಹೊಡೆದ ದಿನ ಬರುವ ವಾಸನೆ ಅದು. ಅವ್ವ ಮೊದಲ ಚೊಂಬನ್ನು ಕೂಸಿನ ಕಾಲ ಮೇಲೆ ಸುರಿದೇಬಿಟ್ಟಳು. ಎರಡನೆಯದನ್ನು ತಲೆಗೆ ಎತ್ತಿದಾಗ ಓಡಿಹೋಗಿ ಚೊಂಬನ್ನು ತಳ್ಳಿದೆ.

"ಅದು ವಿಷದ ಡ್ರಮ್ಮು. ಬುರುಡೆ ಚಿತ್ರ ಇತ್ತು. ನಾನೇ ಕೆರೆದು ಹಾಕಿದೆ."

ಅಪ್ಪ ಕೊಡಪಾನಕ್ಕೆ ಮೂಗೊಡ್ಡಿ ಬಿಳಿಚಿಕೊಂಡ. ಅವ್ವ ಬಾವಿ ನೀರು, ಸೋಪು ತರಿಸಿ ಕೂಸಿನ ಕಾಲನ್ನು ತೊಳೆದಳು, ಮತ್ತೆ ಮತ್ತೆ ತೊಳೆದಳು. ಅಪ್ಪ ಸೈಕಲ್ ಹತ್ತಿ ಡಾಕ್ಟರನ್ನು ಕರೆತರಲು ಹೋದ.

ಅಷ್ಟರಲ್ಲಿ ಕೂಸು ನಿದ್ದೆಹೋಯಿತು. ಆ ನಿದ್ದೆ ನನಗೆ ನಿದ್ದೆಯಂತೆ ಕಾಣಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ. ನಾನು ತೊಟ್ಟಿಲ ಪಕ್ಕ ಕೂತು, ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಎಣಿಸತೊಡಗಿದೆ. ನೂರು ಮುಟ್ಟಿದರೆ ಮತ್ತೆ ಒಂದರಿಂದ. ಹೊತ್ತು ಮುಳುಗುವ ಮುಂಚೆ ಡಾಕ್ಟರು ಬಂದರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಬಾಯಿಗೆ ಹೋಗಿಲ್ಲ, ಬೇಗ ತೊಳೆದದ್ದು ಒಳ್ಳೆಯದಾಯಿತು ಎಂದರು. ಆ ಬೆಳಕಿಗೆ ಎಚ್ಚರವಾದ ಕೂಸು ಹಾಲಿಗಾಗಿ ಕಿರುಚಿತು. ಅಕ್ಕ ಅದನ್ನು ಅವಚಿಕೊಂಡು ಆಗ ಅತ್ತಳು.

ನಾನು ಏಟಿಗೆ ಕಾಯುತ್ತ ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತ.

"ಯಾತರ ಡ್ರಮ್ಮು ಅಂತ ನಾನೂ ಕೇಳಲಿಲ್ಲ, ತಪ್ಪು ನಂದೂ ಐತೆ. ನಿಂಗೆ ಹೆದರಿಕೆ ಆಗಿತ್ತಲ್ಲವ್ವ, ನಂಗ್ಯಾಕೆ ಹೇಳಾಕೆ ಆಗಲಿಲ್ಲ?"

"ಅವ್ವ ಮತ್ತೆ ಸೌದೆಗೆ ಹೋಗ್ತಾಳೆ ಅಂತ," ಎಂದೆ. ಅಪ್ಪ ಆಚೆ ಮುಖ ತಿರುಗಿಸಿದ.

ಮರುದಿನ ಡ್ರಮ್ಮನ್ನು ಜಜ್ಜಿ ಊರಾಚೆ ಆಳದ ಗುಂಡಿಯಲ್ಲಿ ಹೂತ. ತಿಂಗಳಾದ ಮೇಲೆ ಪೆಟ್ಟಿಗೆಯನ್ನು ಹೊಸದಾಗಿ ಮಾಡಿ, ಡ್ರಮ್ಮಿನ ಬದಲು ಬಾವಿ ಪಂಪಿನ ಹಳೆಯ ಪೈಪುಗಳನ್ನು ಬೆಸುಗೆ ಹಾಕಿಸಿ ಕೂರಿಸಿದ. ಮೊದಲ ನೀರಿನಲ್ಲಿ ತಾನೇ ಸ್ನಾನ ಮಾಡಿದ.

ನಿಮ್ಮ ಮಹಡಿಯ ಮೇಲೆ ಈಗ ಅಂಗಡಿಯಿಂದ ತಂದ ಸೋಲಾರ್ ಇದೆ. ನಲ್ಲಿ ತಿರುಗಿಸಿ, ಹಾಡುತ್ತ ಸ್ನಾನ ಮಾಡುತ್ತೀರಿ. ಅದನ್ನು ಕೇಳುವುದೇ ನನಗೊಂದು ಸಂತೋಷ. ಇನ್ನೊಂದು ಸಂತೋಷವೂ ಇದೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಗಾಜಿನ ಲೋಟ ಬೀಳಿಸಿದ ಕೂಡಲೇ, ನಾನೇ ಒಡೆದೆ, ಚೂರು ಇದೆ, ಯಾರೂ ಈ ಕಡೆ ಬರಬೇಡಿ ಎಂದು ಕೂಗಿ ಹೇಳಿದಳು. ಅಷ್ಟು ಹೇಳಲು ನನಗೆ ಒಂದು ರಾತ್ರಿ, ಒಂದು ಹಗಲು ಬೇಕಾಗಿತ್ತು.